ಡಿಸ್ಕಜ್ಜನಿಗೆ ಕೊಡದ ಗಂಟು

ಒಂದು ಲ್ಯಾಪ್‌ಟಾಪಿನೊಳಗೆ ಪ್ರೋಗ್ರಾಂಗಳು ವಾಸಿಸುವ ಎರಡು ಕಂಟೇನರ್ ಡಬ್ಬಿಗಳು, ಬೇಕೆಂದಾಗ ಕಿತ್ತು ಹೊಸದಾಗಿ ಕಟ್ಟುವಂಥವು. ಒಂದರಲ್ಲಿ ಮಾಹಿತಿ ಜೋಡಿಸಿಡುವ ಡೇಟಾಬೇಸಕ್ಕ, ಇನ್ನೊಂದರಲ್ಲಿ ಕೇಳಿದ್ದನ್ನು ಗಳಿಗೆ ಹೊತ್ತು ಇಟ್ಟುಕೊಂಡು ಮರೆತುಬಿಡುವ ಕಿಲಾಡಿ ಕ್ಯಾಶ್ (ದುಡ್ಡಲ್ಲ, ತಾತ್ಕಾಲಿಕ ನೆನಪು). ಲ್ಯಾಪ್‌ಟಾಪಿನ ಒಡತಿ ವೈಜಯಂತಿ ಮೇಡಂ ಹನ್ನೊಂದು ದಿನ ಕೂತು ಟೈಪ್ ಮಾಡಿದ ರಕ್ತದಾನಿಗಳ ಹೆಸರೆಲ್ಲ ಅಕ್ಕನ ಹತ್ತಿರವೇ ಇದ್ದವು.

ಎಲ್ಲವನ್ನೂ ಕಾಯಮ್ಮಾಗಿ ಕಾಪಾಡುವ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕ್, ಮನೆ ಮಾಲೀಕ ಡಿಸ್ಕಜ್ಜ, ಅಕ್ಕನಿಗೆ ಹೇಳಿದ: "ತಾಯಿ, ಆ ಹೆಸರುಗಳ ಗಂಟು ನನ್ನ ಹತ್ತಿರ ಇಡು. ಡಬ್ಬಿ ಕಿತ್ತರೆ ಒಳಗಿದ್ದದ್ದೂ ಹೋಗುತ್ತೆ."

ಕ್ಯಾಶ್ ಕಿಸಕ್ಕನೆ ನಕ್ಕ. "ಅಕ್ಕಾ, ಈ ಅಜ್ಜನಿಗೆ ಗಂಟು ಎತ್ತೋಕೇ ಅರ್ಧ ದಿನ ಬೇಕು. ನನ್ನ ನೋಡು, ಏನೂ ಇಟ್ಕೊಳ್ಳಲ್ಲ, ಹೆಂಗಿದೀನಿ!"

ಅಕ್ಕನೂ ನಕ್ಕಳು. "ನಾಳೆ ಕೊಡ್ತೀನಿ ಬಿಡಜ್ಜ."

ಅಜ್ಜನಿಗೆ ಮುನಿಸು ಬಂತು. "ನಿನ್ನಿಷ್ಟ" ಅಂದವನು ಬಾಯಿ ಮುಚ್ಚಿಕೊಂಡ.

ಮಧ್ಯಾಹ್ನ ಏನೋ ತೊಡಕಾಯಿತು. ಗಂಟು ಅಜ್ಜನ ಹತ್ತಿರ ಇದೆ ಅಂದುಕೊಂಡ ಮೇಡಂ ಎರಡೂ ಡಬ್ಬಿ ಕಿತ್ತುಹಾಕಿ ಹೊಸದಾಗಿ ಎಬ್ಬಿಸಿದರು.

"ನಮಸ್ಕಾರ, ನಾನು ಹೊಸಬಳು. ಏನಾದ್ರೂ ಇಡೋದಿತ್ತಾ?" ಅಂದಳು ಅಕ್ಕ.

ಮೇಡಂ ತಲೆ ಹಿಡಿದುಕೊಂಡು ಕೂತರು. ಕ್ಯಾಶ್ ಎಂದಿನಂತೆ ನಗುತ್ತಿದ್ದ. ತಾನು ಮಾಡಿದ ತಮಾಷೆ ಅವನಿಗೂ ನೆನಪಿರಲಿಲ್ಲ.

ನೆನಪಿದ್ದದ್ದು ಅಜ್ಜನೊಬ್ಬನಿಗೆ. "ಮುನಿಸಿಕೊಳ್ಳದೆ ಇನ್ನೊಂದು ಸಲ ಹೇಳಬೇಕಿತ್ತು" ಅಂತ ಇವತ್ತಿಗೂ ಒಬ್ಬನೇ ಗೊಣಗುತ್ತಾನೆ.