ಮೆತ್ತಗಾದ ಚೆಂಡು, ಮುನಿದ ಮುಳ್ಳುಹಂದಿ

ಪ್ರಪಂಚ ಇನ್ನೂ ಹೊಸದಾಗಿದ್ದಾಗ, ಬೆಟ್ಟಗಳ ಮೈ ಆರುವುದಕ್ಕೂ ಮೊದಲು, ಒಂದು ಚಳಿಗಾಲದ ಬೆಳಿಗ್ಗೆ ಕಾಡಿನಲ್ಲಿ ಭಾರಿ ಅನಾಹುತವಾಯಿತು. ಚೆಂಡು ಮೆತ್ತಗಾಗಿತ್ತು.

ಹುಲಿ ಅಟ್ಟುವುದನ್ನು ಬಿಟ್ಟಿತು, ಜಿಂಕೆ ಓಡುವುದನ್ನು ಬಿಟ್ಟಿತು. ಇಬ್ಬರೂ ಜೊತೆಯಾಗಿಯೇ ಬಂದರು. ಹೊಳೆ ತನ್ನ ಹರಿವನ್ನು ನಿಧಾನ ಮಾಡಿ ಇಣುಕಿತು.

ಅದೇನು ಸಾಮಾನ್ಯ ಚೆಂಡಲ್ಲ. ಹೆಬ್ಬಾವು ಬಿಟ್ಟ ಪೊರೆಯನ್ನು ಗೀಜಗನ ಹಕ್ಕಿ ಹೊಲಿದಿತ್ತು. ಒಳಗೆ ತುಂಬಿಕೊಳ್ಳಲು ಒಂದು ಮರಿಗಾಳಿ ತಾನಾಗಿ ಒಪ್ಪಿತ್ತು. ಹಿಂದಿನ ಸಂಜೆ ಬೆಟ್ಟದ ತಂಡಕ್ಕೂ ಹೊಳೆಯಾಚೆಯ ತಂಡಕ್ಕೂ ಪಂದ್ಯ ಸಮಸಮವಾಗಿ ನಿಂತಿತ್ತು. ಉಳಿದ ಆಟ ಬೆಳಿಗ್ಗೆ ಎಂದು, ಚೆಂಡನ್ನು ಬೆಟ್ಟದ ತಂಡದ ಗೋಲ್‌ಕೀಪರ್ ಮುಳ್ಳುಹಂದಿಯ ಸುಪರ್ದಿಗೆ ಕೊಟ್ಟಿದ್ದರು.

"ಮುಳ್ಳು ಯಾರ ಮೈಮೇಲಿದೆ?" ಎಂದು ಕರಿಮೋರೆಯ ಕೋತಿ ಮುಸುವ ಮರದ ಮೇಲಿಂದ ಕೇಳಿತು. ಅಷ್ಟಕ್ಕೇ ತನಿಖೆ ಮುಗಿಯಿತು.

ವಿಚಾರಣೆಗೆ ಕಾಡುಕೋಣ ಕೂತಿತು. ಅದು ಹೊಳೆಯಾಚೆಯ ತಂಡದ ನಾಯಕನೂ ಆಗಿದ್ದರಿಂದ ಪ್ರಕರಣದ ಪರಿಚಯ ಅದಕ್ಕೆ ಚೆನ್ನಾಗಿತ್ತು.

ಚುಚ್ಚಿದ್ದರೆ ತೂತು ಎಲ್ಲಿದೆ ತೋರಿಸಿ ಎಂದಿತು ಮುಳ್ಳುಹಂದಿ. ಎಲ್ಲರೂ ಹುಡುಕಿದರು. ತೂತು ಸಿಗಲಿಲ್ಲ. ತೂತೇ ಬೀಳದಂತೆ ಚುಚ್ಚುವವನು ಎಂಥ ಖದೀಮನಿರಬೇಕು ಎಂದು ಮುಸುವ ತಲೆದೂಗಿತು. ಈ ವಾದ ಎಲ್ಲರಿಗೂ ಹಿಡಿಸಿತು.

ಮುಳ್ಳುಹಂದಿಗೆ ಆಟವೆಂದರೆ ಪ್ರಾಣ. ಅದು ಇನ್ನೆಂದೂ ಮೈದಾನಕ್ಕೆ ಕಾಲಿಡಕೂಡದು ಎಂದು ಕಾಡುಕೋಣ ತೀರ್ಪು ಸಾರಿತು.

ಮುಳ್ಳುಹಂದಿ ಕೆಂಡವಾಯಿತು. "ಬೆನ್ನ ಮೇಲೆ ಮುಳ್ಳಿರೋದೇ ಸಾಕ್ಷಿ ಅಂದ್ರೆ, ನಿಮ್ಮ ತಲೆ ಮೇಲಿರೋದೇನು ಯಜಮಾನ್ರೇ?"

ಎಲ್ಲರೂ ಕೊಂಬು ನೋಡಿದರು. ಆಮೇಲೆ ನೆಲ ನೋಡಿದರು.

ಅಷ್ಟರಲ್ಲಿ ಬಿಸಿಲು ಬಂತು. ಯಾರೂ ಮುಟ್ಟದೆ ಚೆಂಡು ಮೆಲ್ಲಗೆ ಉಬ್ಬಿತು, ಇನ್ನಷ್ಟು ಉಬ್ಬಿತು, ಬಿಗಿಯಾಯಿತು. ಒಳಗೆ ಮರಿಗಾಳಿ ಆಕಳಿಸಿತು.

"ಏನಿದು ಗಲಾಟೆ? ಚಳಿಗೆ ಮುದುಡಿಕೊಂಡಿದ್ದೆ. ಬಿಸಿಲು ಬಂತು, ಕೈಕಾಲು ಚಾಚಿದೆ. ನನ್ನನ್ನ ಒಂದು ಮಾತು ಕೇಳೋಕೆ ಏನಾಗಿತ್ತು ನಿಮಗೆ?"

ಕೇಳಬಹುದೆಂದು ಯಾರಿಗೂ ಹೊಳೆದಿರಲಿಲ್ಲ. ಕಾಡುಕೋಣ ಗಂಟಲು ಸರಿಮಾಡಿಕೊಂಡು, ಮರಿಗಾಳಿಯ ಹೇಳಿಕೆ ಬಹಳ ಉಪಯುಕ್ತವಾಗಿದೆ, ಆದರೆ ತೀರ್ಪು ಕೊಟ್ಟಾಗಿದೆ ಎಂದಿತು. ಆಟ ಶುರುವಾಯಿತು. ಮುಳ್ಳುಹಂದಿಯ ಜಾಗದಲ್ಲಿ ಮೊಲವನ್ನು ನಿಲ್ಲಿಸಿದರು. ಹೊಳೆಯಾಚೆಯ ತಂಡ ಹನ್ನೊಂದು ಗೋಲು ಹೊಡೆದು ಗೆದ್ದಿತು.

ಮುಳ್ಳುಹಂದಿ ಹಿಂದಿರುಗಿ ನೋಡದೆ ಬಿಲ ಸೇರಿತು.

ಚಳಿಗಾಲದ ಬೆಳಿಗ್ಗೆ ನಿಮ್ಮ ಫುಟ್‌ಬಾಲನ್ನು ಒತ್ತಿ ನೋಡಿ, ಮೆತ್ತಗಿರುತ್ತದೆ, ಬಿಸಿಲಿಗಿಟ್ಟರೆ ಗಟ್ಟಿಯಾಗುತ್ತದೆ. ಮುಳ್ಳುಹಂದಿ ಈಗಲೂ ಹಗಲಲ್ಲಿ ಹೊರಗೆ ಬರುವುದಿಲ್ಲ, ಎದುರಾದವರಿಗೆ ಮುಳ್ಳು ನಿಮಿರಿಸಿ ಗರಗರ ಎನ್ನುತ್ತದೆ. ತೀರ್ಪು ಬದಲಾಗಿಲ್ಲ.