ಹೆಪ್ಪು ಕೊಟ್ಟವರು

ಹುಬ್ಬಳ್ಳಿಯ ಸಾಫ್ಟ್‌ವೇರ್ ಕಂಪನಿಯ ಮಾಲೀಕ ವೀರಭದ್ರಯ್ಯ, ಪ್ರೋಗ್ರಾಂ ಬರೆಯುವ ನೀಲವ್ವನಿಗೆ ಹುಕುಂ ಮಾಡಿದರು. "ಇಂಟರ್ನೆಟ್‌ನ್ಯಾಗ ಪುಕ್ಕಟೆ ಸಿಕ್ಕ ಆ ಎರಡೂ ಪ್ರೋಗ್ರಾಂ ಬೆರಸು. ಒಳಗಿನ ಕೋಡ್ ಯಾರಿಗೂ ಕಾಣದಂಗ ಬೀಗ ಹಾಕಿ ನನ್ನ ಹೆಸರಿಲೆ ಮಾರು. ಆಗಂಗಿಲ್ಲಂದ್ರ ನಾಳೆಯಿಂದ ಬರಬ್ಯಾಡ."

ಮೊದಲನೆಯದರ ಷರತ್ತು, ಬರೆದವರ ಹೆಸರು ಉಳಿಸಿ ಏನಾದರೂ ಮಾಡಿಕೊಳ್ಳಿ ಎಂದಿತ್ತು. ಎರಡನೆಯದರದು, ಬೆರೆಸಿ ಹಂಚಿದರೆ ಎಲ್ಲವನ್ನೂ ತೆರೆದೇ ಕೊಡಿ ಎಂದಿತ್ತು.

ಮರುದಿನ ನೀಲವ್ವ ಅವರ ಮುಂದೆ ಮೊಸರಿನ ಗಡಿಗೆ ಇಟ್ಟಳು. "ನಿನ್ನೆ ಹಾಲಿಗೆ ಚೂರು ಹೆಪ್ಪು ಹಾಕಿದ್ದೆನ್ರಿ. ಚಹಾಕ್ಕ ಹಾಲಷ್ಟ ತಗದು ಕೊಡ್ರಿ."

"ಮೊಸರಾದ ಮ್ಯಾಲ ಹಾಲೆಲ್ಲಿಂದ ಬರಬೇಕು?"

"ಮೊದಲನೇದು ಹಾಲು, ಎರಡನೇದು ಹೆಪ್ಪು. ಬೆರಸಿದ ಮ್ಯಾಲ ಬೀಗ ಹಾಕಾಕ ಬರಂಗಿಲ್ರಿ. ಹೆಪ್ಪು ಇಸ್ಕೊಂಡಾಕಿ, ಕೇಳಿದವರಿಗೆ ಇಲ್ಲಂತಾಳೇನ್ರಿ?"

ವೀರಭದ್ರಯ್ಯ ಒಂದು ಚಮಚ ಮೊಸರು ತಿಂದು, "ಹಂಗಾರ ಬೀಗ ಬ್ಯಾಡ" ಎಂದರು.

ಆ ವಾರ ಬೀಗವಿಲ್ಲದೆ ಹೊರಬಂದ ಪ್ರೋಗ್ರಾಂನಲ್ಲಿ ಬರೆದವರ ಹೆಸರುಗಳೆಲ್ಲ ಇದ್ದವು. ಕೆಳಗೆ ಮಾಲೀಕರೇ ಒಂದು ಸಾಲು ಸೇರಿಸಿದ್ದರು: "ಹೆಪ್ಪು ಕೊಟ್ಟವರಿಗೆ ನಮಸ್ಕಾರ."