ತೋಳದ ಪಾಠ

ಕೆರೆದಂಡೆಯಲ್ಲಿ ಕೊಕ್ಕರೆ ಮೇಷ್ಟ್ರು ಜಿಂಕೆಮರಿಗಳಿಗೆ ಶಾಲೆ ನಡೆಸುತ್ತಿದ್ದರು. ಒಂಟಿಕಾಲಲ್ಲಿ ಕದಲದೆ ನಿಂತು ಮೀನು ಹಿಡಿದೇ ಬಾಳಿದವರು ಅವರು. ಕದಲದವರಿಗೇ ವಿದ್ಯೆ ಒಲಿಯುತ್ತದೆ ಎಂದು ನಂಬಿದ್ದರು. ಹಾಗಾಗಿ ಮರಿಗಳು ಬೆಳಗಿನಿಂದ ಸಂಜೆಯವರೆಗೆ ಕಾಲು ಮಡಚಿ, ಬಾಯಿ ಮುಚ್ಚಿ ಕೂರಬೇಕಿತ್ತು.

ಚುಕ್ಕಿ ಎಂಬ ಮರಿಯ ತಾಯಿ ಒಂದು ಬೆಳಿಗ್ಗೆ ಬಂದು ಕೇಳಿಕೊಂಡಳು: “ಮೇಷ್ಟ್ರೇ, ಒಂದು ಪಾಠ ಮುಗಿದ ಮೇಲೆ ಮಕ್ಕಳನ್ನು ಸ್ವಲ್ಪ ಹೊತ್ತು ಜಿಗಿಯಲು ಬಿಡಿ. ಕಾಲಾಡಿಸಿಕೊಂಡು ಬಂದರೆ ಮುಂದಿನ ಪಾಠವೂ ತಲೆಗೆ ಹತ್ತುತ್ತದೆ. ಚುಕ್ಕಿ ದಿನಾ ಕಾಲುನೋವು ಎಂದು ಅಳುತ್ತಾಳೆ.”

“ಜಿಗಿಯುವುದನ್ನೆಲ್ಲ ಮನೆಯಲ್ಲಿ ಇಟ್ಟುಕೊಳ್ಳಿ ತಾಯಿ. ಇವತ್ತು ತೋಳದ ಪಾಠವಿದೆ, ಹೊತ್ತಿಲ್ಲ,” ಎಂದರು ಮೇಷ್ಟ್ರು.

ಪಾಠದ ನಡುವೆ ಉಳಿದ ಮರಿಗಳು ಮೇಷ್ಟ್ರ ಕಣ್ಣು ತಪ್ಪಿಸಿ ಕಾಲು ಕುಣಿಸುತ್ತಿದ್ದವು. ಚುಕ್ಕಿ ಮಾತ್ರ ಕಿವಿಯನ್ನೂ ಅಲ್ಲಾಡಿಸದೆ ಕೂತಿದ್ದಳು. “ಇವಳನ್ನು ನೋಡಿ ಕಲಿಯಿರಿ,” ಎಂದರು ಮೇಷ್ಟ್ರು.

ಅಷ್ಟರಲ್ಲಿ ಪೊದೆಯಿಂದ ತೋಳ ನುಗ್ಗಿತು. ಮೇಷ್ಟ್ರು ಹಾರಿ ಮರದ ಮೇಲೆ ಕೂತರು. ಕದ್ದು ಕಾಲು ಕುಣಿಸಿದ್ದ ಮರಿಗಳು ಮುಗ್ಗರಿಸುತ್ತ ಹೇಗೋ ಓಡಿ ಪಾರಾದವು. ಚುಕ್ಕಿಯ ಕಾಲು ಜೋಮು ಹಿಡಿದಿತ್ತು. ಅವಳಿಗೆ ಏಳಲಾಗಲಿಲ್ಲ.

ಸಂಜೆ ತಾಯಿ ಬಂದು ಮಗಳು ಕೂರುತ್ತಿದ್ದ ಜಾಗವನ್ನು ಮೂಸಿ ನೋಡಿದಳು. ತಲೆಯೆತ್ತಿ ಕೇಳಿದಳು: “ಮೇಷ್ಟ್ರೇ, ನನ್ನ ಮಗಳಿಗೆ ಪಾಠ ಬಂದಿರಲಿಲ್ಲವೇ?”

ಮೇಷ್ಟ್ರು ಕತ್ತು ತಗ್ಗಿಸಿದರು. “ಬಂದಿತ್ತು ತಾಯಿ. ತೋಳ ಬಂದರೆ ಓಡಬೇಕು ಎಂದು ಎಲ್ಲರಿಗಿಂತ ಮೊದಲು ಹೇಳಿದವಳು ಅವಳೇ.”